ಛಲ ಒಂದೇ ಸಾಕಾ?

'ಛಲ ಇದ್ರೆ ಏನ್ ಬೇಕಾದ್ರೂ ಸಾಧಿಸಬಹುದು' ಅನ್ನೋ ರೀಲ್ಸ್ ನಾವೆಲ್ಲ ದಿನಾ ನೋಡ್ತೀವಿ. ವೀಲ್‌ಚೇರ್‌ನಲ್ಲಿ ಕೂತ ಆಟಗಾರ, ಹಿಂದೆ ಒಂದು ಅಳಿಸೋ ಮ್ಯೂಸಿಕ್. ಲೈಕ್ ಒತ್ತಿ ಮುಂದೆ ಹೋಗ್ತೀವಿ. ಆ ಮಾತು ಅರ್ಧ ಮಾತ್ರ ನಿಜ ಅಂತ ನಮಗನ್ಸುತ್ತೆ. ಉಳಿದರ್ಧ ಇಂಜಿನಿಯರುಗಳ ಕೆಲಸ.

ಅಮೆರಿಕದ ಇಂಡಿಕಾರ್ ರೇಸರ್ ಸ್ಯಾಮ್ ಶ್ಮಿಟ್ ಅವರನ್ನೇ ನೋಡಿ. 2000ದ ಜನವರಿಯಲ್ಲಿ ಫ್ಲಾರಿಡಾದ ಟ್ರ್ಯಾಕ್‌ನಲ್ಲಿ ಟೆಸ್ಟಿಂಗ್ ಮಾಡುವಾಗ ಕಾರು ಗೋಡೆಗೆ ಬಡಿದು ಬೆನ್ನುಹುರಿಗೆ ಪೆಟ್ಟಾಯಿತು. ಕೈಕಾಲು ಎರಡರ ಸ್ವಾಧೀನವೂ ಹೋಯಿತು. ಮನೆಯಲ್ಲಿ ಇಬ್ಬರು ಪುಟ್ಟ ಮಕ್ಕಳು. ಮರುವರ್ಷವೇ ಅವರು ಸ್ವಂತ ರೇಸಿಂಗ್ ಟೀಮ್ ಕಟ್ಟಿದರು. ಇದು ಛಲವೇ, ಅನುಮಾನ ಇಲ್ಲ.

ಆದ್ರೆ ಮತ್ತೆ ಡ್ರೈವ್ ಮಾಡೋಕೆ 2014ರವರೆಗೆ ಕಾಯಬೇಕಾಯಿತು. ಆ ವರ್ಷ ಆರೋ ಎಲೆಕ್ಟ್ರಾನಿಕ್ಸ್ ಕಂಪನಿಯವರು ಒಂದು ಕಾರ್ವೆಟ್ ಕಾರನ್ನು ಅವರಿಗಾಗಿ ಬದಲಾಯಿಸಿದರು. ಇನ್‌ಫ್ರಾರೆಡ್ ಕ್ಯಾಮೆರಾ ಅವರ ತಲೆಯನ್ನು ಗಮನಿಸುತ್ತೆ. ತಲೆ ತಿರುಗಿದ ಕಡೆ ಕಾರು ತಿರುಗುತ್ತೆ. ಬ್ರೇಕಿಗೆ ಹಲ್ಲಲ್ಲಿ ಕಚ್ಚೋ ಸೆನ್ಸರ್. ಆಮೇಲೆ ಬಂದದ್ದು ಒಂದು ಕೊಳವೆ: ಊದಿದ್ರೆ ವೇಗ, ಎಳೆದ್ರೆ ಬ್ರೇಕ್. ಆ ಮೇ ತಿಂಗಳು ಅವರು ಇಂಡಿಯಾನಾಪೊಲಿಸ್ ಟ್ರ್ಯಾಕ್ ಸುತ್ತಿದರು. 2016ರಲ್ಲಿ ನೆವಾಡಾ ರಾಜ್ಯ ಷರತ್ತಿನ ಮೇಲೆ ಲೈಸೆನ್ಸನ್ನೂ ಕೊಟ್ಟಿತು.

ಅವರ ಹಿಂದೆ ದುಡ್ಡಿತ್ತು, ಕಂಪನಿ ಇತ್ತು ಅಂತೀರಾ? ಸರಿನೇ. ಕಬಡ್ಡಿಯಲ್ಲಿ ಕುತ್ತಿಗೆಗೆ ಪೆಟ್ಟಾದವನಿಗೆ, ನೀರು ಕಮ್ಮಿ ಇರೋ ಬಾವಿಗೆ ತಲೆಕೆಳಗಾಗಿ ಡೈವ್ ಹೊಡೆದವನಿಗೆ ಕಾರ್ವೆಟ್ ಸಿಗಲ್ಲ. ಅವನಿಗೆ ಬೇಕಾಗಿರೋದೂ ಬೇರೆ. ಸ್ಪರ್ಶ ಗೊತ್ತಾಗದ ಮೈ ಒಂದೇ ಭಂಗಿಯಲ್ಲಿ ಕೂತರೆ ಹುಣ್ಣಾಗುತ್ತೆ. ನೋವೇ ಇಲ್ಲದ್ದರಿಂದ ತಿಳಿಯೋದೇ ಇಲ್ಲ, ತಿಳಿಯೋ ಹೊತ್ತಿಗೆ ಆಳಕ್ಕೆ ಹೋಗಿರುತ್ತೆ. ಆಗಾಗ ಭಾರ ಬದಲಿಸಲೇಬೇಕು. ಮಂಚದಿಂದ ಕುರ್ಚಿಗೆ ಹೋಗೋಕೂ ಇನ್ನೊಬ್ಬರು ಎತ್ತಬೇಕು. ಬಚ್ಚಲ ಬಾಗಿಲಲ್ಲಿ ವೀಲ್‌ಚೇರ್ ತೂರಬೇಕು. ಇದೆಲ್ಲ ಆದಮೇಲೆ ತಾನೆ ಓದು, ಕೆಲಸ, ನಾಳೆಯ ಆಸೆ?

ನಮ್ಮ ಎಕ್ಸ್‌ಪೋದಲ್ಲಿ 'ಸ್ಮಾರ್ಟ್ ವೀಲ್‌ಚೇರ್' ಇಲ್ಲದ ವರ್ಷ ಇಲ್ಲ. ದನಿ ಕೇಳಿ ಓಡುತ್ತೆ, ಲೈಟ್ ಮಿನುಗುತ್ತೆ, ವೈವಾ ಮುಗಿದಮೇಲೆ ಬೀರು ಸೇರುತ್ತೆ. ಕೂತವನ ತೊಡೆಯ ಕೆಳಗೆ ಒತ್ತಡ ಎಷ್ಟು ಅಂತ ಅಳೆಯೋ ಒಂದು ದಿಂಬು ಮಾತ್ರ ನಾವಿನ್ನೂ ನೋಡಿಲ್ಲ. ಅದಕ್ಕೆ ಬೇಕಾದ ಪ್ರೆಶರ್ ಸೆನ್ಸರ್ ನಮ್ಮ ಲ್ಯಾಬಲ್ಲೇ ಇದೆ. (ಆ ಲ್ಯಾಬ್ ಇರೋದು ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಇರಲಿ.)

ಈ ಸಲ ಮಿನಿ ಪ್ರಾಜೆಕ್ಟ್ ಟಾಪಿಕ್ ಕೊಡೋ ಮುಂಚೆ, ವೀಲ್‌ಚೇರ್ ಬಳಸುವವರ ಹತ್ತಿರ ಹೋಗಿ ನಿಮಗೇನು ಬೇಕು ಅಂತ ಕೇಳಿ ಬರೋಣ ಅಂತಿದ್ದೀವಿ. ಜೊತೆಗೆ ಬರೋರು ಹೇಳಿ.