ಫಾತಿಮಾ ಆಯಿತು, ಮುಂದೆ ಎಲ್ಲಿಗೆ?



ಫಾತಿಮಾ ಯಾತ್ರೆಗೆ ಹೊರಡುವವರು ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಒಂದು ಹೀಗಿದೆ: "ಫಾದರ್, ಅಷ್ಟು ದೂರ ಹೋಗಿ ಎರಡು ದಿನ ಉಳಿಯುತ್ತದೆ. ಮಕ್ಕಳು ಯಾವುದಾದರೂ ಹಳೆಯ ವಿಶ್ವವಿದ್ಯಾನಿಲಯದ ಊರು ನೋಡಬೇಕು ಅನ್ನುತ್ತಾರೆ. ಪೋರ್ಚುಗಲ್ಲಿನ ಕೊಯಿಂಬ್ರಾಕ್ಕೆ ಹೋಗುವುದೋ, ಸ್ಪೇನಿನ ಸಲಮಾಂಕಾಕ್ಕೋ?" ಚೀಟಿ ಕಟ್ಟಿ ವರ್ಷಗಟ್ಟಲೆ ಕೂಡಿಸಿದ ಹಣವದು. ಬಹುಮಂದಿಗೆ ಇಂಥ ಪಯಣ ಬಾಳಿನಲ್ಲಿ ಒಂದೇ ಸಲ. ಆದುದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ.

ಮೊದಲು ಕೊಯಿಂಬ್ರಾ. ದಿನೀಸ್ ದೊರೆ 1290ರಲ್ಲಿ ಲಿಸ್ಬನ್ನಿನಲ್ಲಿ ಸ್ಥಾಪಿಸಿದ ವಿಶ್ವವಿದ್ಯಾನಿಲಯ 1537ರಲ್ಲಿ ಇಲ್ಲಿಗೆ ಬಂದು ಶಾಶ್ವತವಾಗಿ ನೆಲೆಸಿತು. ಮೊಂಡೆಗೊ ನದಿಯ ದಡದ ಗುಡ್ಡದ ನೆತ್ತಿಯಲ್ಲಿ ಹಿಂದಿನ ಅರಮನೆಯೇ ವಿದ್ಯಾಮಂದಿರವಾಗಿದೆ. ಐದನೆಯ ಜುವಾವ್ ದೊರೆ ಹದಿನೆಂಟನೆಯ ಶತಮಾನದಲ್ಲಿ ಕಟ್ಟಿಸಿದ ಜುವಾನಿನಾ ಗ್ರಂಥಾಲಯ ಇಲ್ಲಿಯ ಮುಖ್ಯ ಆಕರ್ಷಣೆ. ಅಲ್ಲಿ ಬಾವಲಿಗಳು ವಾಸವಾಗಿವೆ. ಅವನ್ನು ಯಾರೂ ಓಡಿಸುವುದಿಲ್ಲ. ಪುಸ್ತಕ ತಿನ್ನುವ ಹುಳುಗಳನ್ನು ರಾತ್ರಿ ಅವು ತಿಂದುಹಾಕುತ್ತವೆ. ಹಿಕ್ಕೆ ಬಿದ್ದು ಹಾಳಾಗದಂತೆ ಮೇಜುಗಳ ಮೇಲೆ ಪ್ರತಿರಾತ್ರಿ ತೊಗಲು ಹೊದಿಸುತ್ತಾರೆ. ಮಕ್ಕಳಿಗೆ ಇದೊಂದೇ ಸಾಕು.

ನಮ್ಮವರ ಮನಸ್ಸು ತಟ್ಟುವುದು ಗುಡ್ಡದ ಬುಡದ ಸಾಂತಾ ಕ್ರೂಸ್ ಮಠ. ಲಿಸ್ಬನ್ನಿನ ಫೆರ್ನಾಂದೊ ಎಂಬ ಯುವಕ ಇಲ್ಲಿ ಓದುತ್ತಿದ್ದನು. 1220ರಲ್ಲಿ ಮೊರೊಕ್ಕೊದಲ್ಲಿ ಪ್ರಾಣಕೊಟ್ಟ ಐವರು ಫ್ರಾನ್ಸಿಸ್ಕನ್ ರಕ್ತಸಾಕ್ಷಿಗಳ ಅವಶೇಷಗಳನ್ನು ಇಲ್ಲಿಗೆ ತಂದಾಗ ಅವನ ಬಾಳಿನ ದಿಕ್ಕೇ ಬದಲಾಯಿತು. ಅವನೂ ಫ್ರಾನ್ಸಿಸ್ಕನ್ ಸಭೆ ಸೇರಿ ಅಂತೋಣಿ ಎಂಬ ಹೆಸರು ಪಡೆದನು. ಡೋರನಹಳ್ಳಿಗೆ ಹರಕೆ ಹೊತ್ತು ಹೋಗುವವರು ಆ ಸಂತರ ಮೂಲವನ್ನು ಇಲ್ಲಿ ಕಾಣಬಹುದು. ತಮಿಳುನಾಡಿನ ಓರಿಯೂರಿನಲ್ಲಿ 1693ರಲ್ಲಿ ರಕ್ತಸಾಕ್ಷಿಯಾದ ಸಂತ ಜಾನ್ ಡಿ ಬ್ರಿಟ್ಟೊ ಕೂಡ ಕೊಯಿಂಬ್ರಾದಲ್ಲಿ ಓದಿದವರು. ಫಾತಿಮಾದ ದರ್ಶನ ಕಂಡ ಸಿಸ್ಟರ್ ಲೂಸಿಯಾ 1948ರಿಂದ 2005ರಲ್ಲಿ ತೀರಿಕೊಳ್ಳುವವರೆಗೆ ಇಲ್ಲಿಯ ಕಾರ್ಮೆಲ್ ಮಠದಲ್ಲಿದ್ದರು.

ಇನ್ನು ಸಲಮಾಂಕಾ. ಲೆಯೋನಿನ ದೊರೆ ಒಂಬತ್ತನೆಯ ಅಲ್ಫೊನ್ಸೊ 1218ರಲ್ಲಿ ಸ್ಥಾಪಿಸಿದ ವಿಶ್ವವಿದ್ಯಾನಿಲಯ ಇದು. ಊರೆಲ್ಲಾ ಹೊಂಬಣ್ಣದ ಕಲ್ಲು. ಸಂಜೆಯ ಬಿಸಿಲಿಗೆ ಗೋಡೆಗಳು ಬೆಳಗುತ್ತವೆ. ವಿಶ್ವವಿದ್ಯಾನಿಲಯದ ಮುಂಬಾಗಿಲ ಕೆತ್ತನೆಯಲ್ಲಿ ತಲೆಬುರುಡೆಯ ಮೇಲೆ ಕುಳಿತ ಒಂದು ಪುಟ್ಟ ಕಪ್ಪೆ ಇದೆ. ಯಾರ ಸಹಾಯವೂ ಇಲ್ಲದೆ ಅದನ್ನು ಕಂಡುಹಿಡಿದ ವಿದ್ಯಾರ್ಥಿ ಪರೀಕ್ಷೆ ಪಾಸಾಗುತ್ತಾನೆ ಎಂಬ ನಂಬಿಕೆ. ಓದದಿದ್ದರೂ ಪಾಸಾಗುತ್ತಾನೆಂದು ಅಲ್ಲಿಯೂ ಯಾರೂ ಹೇಳುವುದಿಲ್ಲ!

ಇಲ್ಲಿಯ ಪಾಠಶಾಲೆಗಳಲ್ಲಿ ಧೈರ್ಯದ ಮಾತುಗಳು ಕೇಳಿಬಂದಿವೆ. ಅಮೆರಿಕದ ಮೂಲನಿವಾಸಿಗಳೇ ತಮ್ಮ ನೆಲದ ನಿಜವಾದ ಒಡೆಯರು ಎಂದು ದೊಮಿನಿಕನ್ ಗುರು ಫ್ರಾನ್ಸಿಸ್ಕೊ ದೆ ವಿತೋರಿಯಾ 1539ರಲ್ಲಿ ಬೋಧಿಸಿದರು. ಅದೂ ಅವರ ದೊರೆಯೇ ಆ ನೆಲವನ್ನು ಆಳುತ್ತಿದ್ದಾಗ. ಕವಿ, ಗುರು ಲೂಯಿಸ್ ದೆ ಲೆಯೋನ್ 1572ರಿಂದ 1576ರವರೆಗೆ ಧರ್ಮವಿಚಾರಣೆಯ ಸೆರೆಯಲ್ಲಿದ್ದರು. ಬಿಡುಗಡೆಯಾಗಿ ಬಂದವರು ನಿನ್ನೆಯ ಪಾಠವನ್ನೇ ಮುಂದುವರಿಸುವಂತೆ ಮಾತು ಶುರು ಮಾಡಿದರೆಂದು ಪ್ರತೀತಿ. ಅವರ ಹೆಸರಿನ ಕೋಣೆಯಲ್ಲಿ ಒರಟು ಮರದ ಬೆಂಚುಗಳು ಇಂದಿಗೂ ಇವೆ. ಸಂತ ಇಗ್ನಾಸಿಯವರೂ 1527ರಲ್ಲಿ ಈ ಊರಿನ ಸೆರೆಮನೆಯಲ್ಲಿ 22 ದಿನ ಕಳೆದವರೇ. ಶಿಲುಬೆಯ ಸಂತ ಯೋವಾನ್ನರು ಓದಿದ್ದು ಇಲ್ಲಿಯೇ. ಅವಿಲಾದ ಸಂತ ತೆರೇಸಾ 1582ರಲ್ಲಿ ಕಣ್ಣುಮುಚ್ಚಿದ ಆಲ್ಬಾ ದೆ ತೋರ್ಮೆಸ್ ಇಲ್ಲಿಂದ ಸುಮಾರು 20 ಕಿ.ಮೀ.

ಹಾಗಾದರೆ ಯಾವುದು? ಹಿರಿಮೆಯಲ್ಲಿ ಎರಡೂ ಸರಿಸಮ. ನಿರ್ಧರಿಸಬೇಕಾದದ್ದು ದಾರಿ ಮತ್ತು ಮೊಣಕಾಲು! ಫಾತಿಮಾದಿಂದ ಕೊಯಿಂಬ್ರಾ ಸುಮಾರು 85 ಕಿ.ಮೀ.; ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದು. ಆದರೆ ಊರು ಏರು. ಹಳೆಯ ಪ್ರಧಾನಾಲಯದ ಬಳಿಯ ಒಂದು ಬೀದಿಯ ಹೆಸರೇ 'ಬೆನ್ನು ಮುರಿಯುವ' ಬೀದಿ. ಸಲಮಾಂಕಾದಲ್ಲಿ ಪ್ರಧಾನಾಲಯ, ವಿಶ್ವವಿದ್ಯಾನಿಲಯ, ದೊಡ್ಡ ಚೌಕ ಎಲ್ಲವೂ ಹೆಚ್ಚು ಏರಿಳಿತವಿಲ್ಲದೆ ನಡೆದು ನೋಡುವಷ್ಟು ಹತ್ತಿರ. ಆದರೆ ಅದು ಕೊಯಿಂಬ್ರಾದಿಂದ ರಸ್ತೆಯಲ್ಲಿ ಸುಮಾರು 300 ಕಿ.ಮೀ. ಎರಡೂ ಊರುಗಳನ್ನು ಜೋಡಿಸುತ್ತಿದ್ದ ರಾತ್ರಿ ರೈಲು 2020ರಲ್ಲಿ ನಿಂತುಹೋಯಿತು. ಮ್ಯಾಡ್ರಿಡ್ಡಿನಿಂದಾದರೆ ವೇಗದ ರೈಲಿನಲ್ಲಿ ಎರಡು ಗಂಟೆಯೊಳಗೆ ತಲುಪಬಹುದು.

ನಮ್ಮ ಸಲಹೆ ಇಷ್ಟು. ಫಾತಿಮಾವೇ ಮುಖ್ಯವಾಗಿದ್ದು ಒಂದೆರಡು ದಿನ ಮಾತ್ರ ಉಳಿದಿದ್ದರೆ ಕೊಯಿಂಬ್ರಾಕ್ಕೇ ಹೋಗಿರಿ. ಅಜ್ಜಿ ಕೆಳಪೇಟೆಯ ಸಾಂತಾ ಕ್ರೂಸ್‌ನಲ್ಲಿ ಜಪಸರ ಹಿಡಿದು ಕೂರಲಿ, ಒಬ್ಬರು ಜೊತೆಗಿರಲಿ. ಮಕ್ಕಳು ಮೇಲೆ ಹತ್ತಲಿ. ಗ್ರಂಥಾಲಯದ ಪ್ರವೇಶಕ್ಕೆ ನಿಗದಿತ ಸಮಯದ ಟಿಕೆಟ್ ಇರುವುದರಿಂದ ಮುಂಚಿತವಾಗಿ ಕಾದಿರಿಸಿ. ಅವಿಲಾ, ಮ್ಯಾಡ್ರಿಡ್ ನಿಮ್ಮ ಪಟ್ಟಿಯಲ್ಲಿದ್ದರೆ ಸಲಮಾಂಕಾ ಆರಿಸಿ, ಒಂದು ರಾತ್ರಿಯಾದರೂ ಅಲ್ಲೇ ತಂಗಿರಿ. ಸ್ಪೇನಿನಲ್ಲಿ ಗಡಿಯಾರ ಪೋರ್ಚುಗಲ್ಲಿಗಿಂತ ಒಂದು ಗಂಟೆ ಮುಂದು, ಮಧ್ಯಾಹ್ನದ ಊಟವೇ ಎರಡು ಗಂಟೆಯ ನಂತರ. ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಕೈಚೀಲದಲ್ಲಿ ಬಿಸ್ಕತ್ತು ಇರಲಿ. ಷೆಂಗೆನ್ ವೀಸಾ ಎರಡೂ ದೇಶಗಳಿಗೆ ಒಂದೇ. ಹೆಚ್ಚು ದಿನ ತಂಗುವ ದೇಶಕ್ಕೆ ಅರ್ಜಿ ಹಾಕಬೇಕು.

ಎರಡನ್ನೂ ಎರಡೇ ದಿನದಲ್ಲಿ ತೋರಿಸುತ್ತೇವೆಂದು ಹೇಳುವ ಏಜೆಂಟರಿಗೆ ನಮಸ್ಕಾರ ಹೇಳಿಬಿಡಿ. ಬಸ್ಸಿನ ಕಿಟಕಿಯಿಂದ ಕಂಡ ಎರಡು ಊರಿಗಿಂತ, ಕಾಲಾರೆ ನಡೆದ ಒಂದು ಊರು ಮನೆಗೆ ಬಂದ ಮೇಲೂ ಜೊತೆಗಿರುತ್ತದೆ. ಮುಂಗಡ ಕಟ್ಟುವ ಮೊದಲು ಒಂದು ರಾತ್ರಿ ಊಟದ ಹೊತ್ತಿಗೆ ಎಲ್ಲರೂ ಒಟ್ಟಿಗೆ ಕೂತು ಮಾತಾಡಿ. ಮನೆಯ ಅತಿ ಹಿರಿಯರನ್ನೂ ಅತಿ ಕಿರಿಯರನ್ನೂ ಮೊದಲು ಕೇಳಿ. ಪ್ರಯಾಣ ಸುಖಕರವಾಗಲಿ.