ಡಿಕ್ಕಿಯಲ್ಲೊಂದು ಪೆಟ್ಟಿಗೆ, ಅದಕ್ಕೊಂದು ಲೆಕ್ಕ

ನಮ್ಮ ಬೀದಿಯ ತಿರುವಿಗೆ ಆ ಕಾರು ಬಂತೆಂದರೆ ಹಾಡಿಗಿಂತ ಮೊದಲು ಅದರ ನಂಬರ್ ಪ್ಲೇಟು ಕೇಳಿಸುತ್ತಿತ್ತು. ‘ಗುಂಯ್’ ಎಂಬ ಒಂದೇ ಸದ್ದು, ಅದರ ಮೇಲೆ ತಗಡಿನ ಗಲಗಲ. ಡೊಳ್ಳು ಬಾರಿಸಲಿ, ಗಿಟಾರ್ ಮೀಟಲಿ, ಎಲ್ಲಕ್ಕೂ ಅದೇ ಗುಂಯ್. ಕಾರು ಅಪ್ಪನದು. ಡಿಕ್ಕಿಯಲ್ಲಿ ಕೂತಿದ್ದ 12 ಇಂಚಿನ ಸಬ್‌ವೂಫರ್ ಮಾತ್ರ ಮಗನದು. ಇಂಜಿನಿಯರಿಂಗ್ ಎರಡನೇ ವರ್ಷದ ಹುಡುಗ, ಚಿಕ್ಕ ಮಕ್ಕಳಿಗೆ ಮನೆಪಾಠ ಹೇಳಿ ಕೂಡಿಟ್ಟ ಹಣದಲ್ಲಿ ಕೊಂಡದ್ದು.

ಒಂದು ಭಾನುವಾರ ಇಬ್ಬರೂ ನಮ್ಮ ಮನೆಗೆ ಬಂದರು. ಮಗನಿಗೆ ಈಗ ಇನ್ನೂ ದೊಡ್ಡ ಆಂಪ್ಲಿಫೈಯರ್ ಬೇಕಂತೆ. “ಕಿತ್ತುಹಾಕು ಅಂತೀನಿ ನಾನು. ನೀವಾದರೂ ಬುದ್ಧಿ ಹೇಳಿ ಸಾರ್” ಎಂದರು ತಂದೆ. “ಪವರ್ ಸಾಲ್ತಿಲ್ಲ ಅಂಕಲ್, ಬೇಸ್ ಬರ್ತಾನೇ ಇಲ್ಲ” ಎಂದ ಮಗ. ಇಬ್ಬರಲ್ಲಿ ಯಾರ ಪರ ವಹಿಸಿದರೂ ಒಂದು ಸ್ನೇಹ ಹೋಗುತ್ತದೆ. ಹೀಗಾಗಿ ಟೇಪು ಹಿಡಿದುಕೊಂಡು ಕೆಳಗಿಳಿದೆ.

ಡಿಕ್ಕಿಯಲ್ಲಿದ್ದದ್ದು ಅಂಗಡಿಯವರು ಸ್ಪೀಕರಿನ ಜೊತೆಗೇ ಕೊಟ್ಟ ಸಿದ್ಧ ಪೆಟ್ಟಿಗೆ. ಗೆಣ್ಣಿನಿಂದ ತಟ್ಟಿದೆ, ಖಾಲಿ ಡಬ್ಬದ ಸದ್ದು. ಮುಂದೆ 10 ಸೆಂಟಿಮೀಟರ್ ಅಗಲದ ಒಂದು ಕೊಳವೆ, ಅದರ ಉದ್ದವೂ 10 ಸೆಂಟಿಮೀಟರ್. ಒಳಗಿನ ಅಳತೆ ಹಿಡಿದರೆ ಪೆಟ್ಟಿಗೆ ಸುಮಾರು 30 ಲೀಟರ್.

ಸ್ಪೀಕರಿಗೆ ಪೆಟ್ಟಿಗೆ ಏಕೆ ಬೇಕು ಎಂಬುದನ್ನು ಮೊದಲು ನೋಡೋಣ. ಹಳೆಯ ರೇಡಿಯೋದ ಸ್ಪೀಕರನ್ನು ಬಿಚ್ಚಿ ಬರಿಗೈಯಲ್ಲಿ ಹಿಡಿದು ನುಡಿಸಿ. ದನಿ ಕೀರಲು. ಈಗ ಒಂದು ದೊಡ್ಡ ರಟ್ಟಿಗೆ ತೂತು ಕೊರೆದು ಅದರ ಹಿಂದೆ ಒತ್ತಿ ಹಿಡಿಯಿರಿ. ಅದೇ ಸ್ಪೀಕರಿನಿಂದ ಗಂಡುದನಿ ಹೊರಡುತ್ತದೆ. ಸ್ಪೀಕರಿನ ಕಾಗದದ ಶಂಕು ಮುಂದಿನ ಗಾಳಿಯನ್ನು ಒತ್ತುವಾಗಲೇ ಹಿಂದಿನ ಗಾಳಿಯನ್ನು ಸಡಿಲಿಸುತ್ತದೆ. ಸೆಕೆಂಡಿಗೆ 40 ಕಂಪನಗಳ ಮಂದ್ರ ಸದ್ದಿನ ತರಂಗದೂರ 8.6 ಮೀಟರ್. ಅಷ್ಟು ಉದ್ದದ ಅಲೆಗೆ ಒಂದಡಿಯ ಸ್ಪೀಕರು ಲೆಕ್ಕಕ್ಕೇ ಇಲ್ಲ. ಮುಂದಿನ ಒತ್ತಡ ಅಂಚು ಬಳಸಿ ಹಿಂದಕ್ಕೆ ಹರಿದು ಕೊರತೆಯನ್ನು ತುಂಬಿಬಿಡುತ್ತದೆ. ಸದ್ದು ಹುಟ್ಟಿದಲ್ಲೇ ಸಾಯುತ್ತದೆ. ಮುಂದಿನ ಗಾಳಿಯನ್ನು ಹಿಂದಿನದರಿಂದ ಬೇರೆ ಮಾಡುವುದೇ ಪೆಟ್ಟಿಗೆಯ ಕೆಲಸ.

ಇದಕ್ಕೆ ಎರಡು ಹಾದಿಗಳು ಹೆಚ್ಚು ಬಳಕೆಯಲ್ಲಿವೆ. ಒಂದು, ಪೂರ್ತಿ ಮುಚ್ಚಿದ ಪೆಟ್ಟಿಗೆ. ಒಳಗೆ ಸಿಕ್ಕಿಬಿದ್ದ ಗಾಳಿ ಸ್ಪ್ರಿಂಗಿನಂತೆ ಶಂಕುವನ್ನು ಹಿಡಿದಿಡುತ್ತದೆ. ಲೋಹ, ಬಟ್ಟೆಗಳ ಸ್ಪ್ರಿಂಗಿಗಿಂತ ಗಾಳಿಯ ಸ್ಪ್ರಿಂಗೇ ನಯವಾದದ್ದು ಎಂದು ಕಂಡುಕೊಂಡು, ಪುಟ್ಟ ಪೆಟ್ಟಿಗೆಯಿಂದ ಮಂದ್ರ ಹೊರಡಿಸಿದವರು ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಎಡ್ಗರ್ ವಿಲ್ಚರ್. 1954ರಲ್ಲಿ ಅವರ ಜೊತೆ ಸೇರಿ ಕಂಪನಿ ಹೂಡಿದ ಹೆನ್ರಿ ಕ್ಲಾಸ್ ಅವರ ತರಗತಿಯ ವಿದ್ಯಾರ್ಥಿಯೇ.

ಇನ್ನೊಂದು, ಕೊಳವೆಯ ಪೆಟ್ಟಿಗೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ‘ಹೂಂ’ ಎನ್ನುತ್ತದಲ್ಲ, ಅದೇ ಇದು. ಬಾಟಲಿಯ ಕತ್ತಿನಲ್ಲಿರುವ ಗಾಳಿ ತೂಕದಂತೆ, ಹೊಟ್ಟೆಯಲ್ಲಿರುವುದು ಸ್ಪ್ರಿಂಗಿನಂತೆ. ಎರಡೂ ಸೇರಿ ಒಂದು ಸ್ವರಕ್ಕೆ ತೂಗುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಇದನ್ನು ಲೆಕ್ಕಕ್ಕಿಳಿಸಿದ. ಕೊಳವೆಯ ಬಾಯಿಯ ವಿಸ್ತೀರ್ಣವನ್ನು ಪೆಟ್ಟಿಗೆಯ ಗಾತ್ರ ಮತ್ತು ಕೊಳವೆಯ ಉದ್ದ ಇವುಗಳ ಗುಣಲಬ್ಧದಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. ಅದನ್ನು ಶಬ್ದದ ವೇಗದಿಂದ ಗುಣಿಸಿ, ಪೈಯ ಎರಡರಷ್ಟರಿಂದ ಭಾಗಿಸಿ. ಎಲ್ಲ ಅಳತೆಗಳೂ ಮೀಟರಿನಲ್ಲಿರಲಿ. ಕೊಳವೆಯ ಎರಡೂ ಬಾಯಿಗಳಾಚೆಯ ಗಾಳಿ ಕೂಡ ಜೊತೆಯಲ್ಲಿ ತೂಗುವುದರಿಂದ, ಉದ್ದಕ್ಕೆ ವ್ಯಾಸದ ಮುಕ್ಕಾಲು ಪಾಲಿನಷ್ಟು ಸೇರಿಸಿಕೊಳ್ಳಬೇಕು.

“ನೀನೇ ಹಾಕು ಲೆಕ್ಕ” ಎಂದೆ ಹುಡುಗನಿಗೆ. ಡಿಕ್ಕಿಯ ಅಂಚಿನಲ್ಲೇ ಕೂತು ಹಾಕಿದ. ಉತ್ತರ ಸುಮಾರು 67 ಹರ್ಟ್ಸ್. ಅವನ ಮುಖ ನೋಡಬೇಕಿತ್ತು! ಸ್ಪೀಕರು ಇನ್ನೂ ಕೆಳಗಿನ ಸ್ವರಗಳಿಗೆಂದು ಮಾಡಿದ್ದು. ಪೆಟ್ಟಿಗೆಯೋ 67ರಲ್ಲಿ ಗುಂಯ್ ಎಂದು, ಅದಕ್ಕಿಂತ ಕೆಳಗೆ ಬಾಯಿ ಮುಚ್ಚುತ್ತಿತ್ತು. ಆ ಕೆಳಗಿನ ಪ್ರದೇಶದಲ್ಲಿ ಕೊಳವೆಯ ಪೆಟ್ಟಿಗೆ ಶಂಕುವನ್ನು ಹಿಡಿದಿಡುವುದೂ ಇಲ್ಲ. ದೊಡ್ಡ ಆಂಪ್ಲಿಫೈಯರ್ ಹಾಕಿದ್ದರೆ ಗುಂಯ್ ಮತ್ತಷ್ಟು ಜೋರಾಗಿ, ಶಂಕು ಅಂಕೆ ಮೀರಿ ಓಡಾಡಿ, ಒಂದು ದಿನ ಸುರುಳಿ ಹರಿದುಹೋಗುತ್ತಿತ್ತು. ಹಾಗೆ ನೋಡಿದರೆ ವಾಟ್ ಇಮ್ಮಡಿಯಾದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಕಿವಿಗೆ ‘ಹೌದು, ಸ್ವಲ್ಪ ಜೋರಾಯಿತು’ ಅನ್ನಿಸುವಷ್ಟು, ಅಷ್ಟೆ.

ಕೊಳವೆಯನ್ನೇ ಉದ್ದ ಮಾಡಿದರಾಗದೇ? ಈ 30 ಲೀಟರಿನಲ್ಲಿ 35 ಹರ್ಟ್ಸ್ ಬೇಕೆಂದರೆ 57 ಸೆಂಟಿಮೀಟರ್ ಕೊಳವೆ ಬೇಕು, ಪೆಟ್ಟಿಗೆಯೊಳಗೆ ಹಿಡಿಯದು. 50 ಲೀಟರಿನ ಪೆಟ್ಟಿಗೆಯಾದರೆ 31 ಸಾಕು, ಆದರೆ ಹಲಗೆಯ ದಪ್ಪ, ಕೊಳವೆ ಎಲ್ಲ ಸೇರಿ ಹೊರಗಿನಿಂದ 70 ಲೀಟರಿನ ಹತ್ತಿರ. “ಊರಿಂದ ಬರುವಾಗ ಅಕ್ಕಿಮೂಟೆ ಎಲ್ಲಿಡಲಿ?” ಎಂದರು ತಂದೆ. ನ್ಯಾಯವಾದ ಪ್ರಶ್ನೆ.

ಹೀಗಾಗಿ ಮುಚ್ಚಿದ ಪೆಟ್ಟಿಗೆ. ಅಕ್ಕಿಮೂಟೆಯಲ್ಲದೆ ಇದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಕಾರಿನದೇ ಗುಣ. ಡಿಕ್ಕಿಗೂ ಸೀಟಿಗೂ ನಡುವೆ ಗೋಡೆಯಿಲ್ಲದ ಸಣ್ಣ ಕಾರು ಅವರದು. ಒಳಗಿನ ಉದ್ದ 2.7 ಮೀಟರ್ ಎನ್ನಿ. ಸುಮಾರು 64 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳ ಅರ್ಧ ತರಂಗವೂ ಅದರಲ್ಲಿ ಹಿಡಿಯುವುದಿಲ್ಲ. ಆಗ ಕಾರಿನ ಒಳಗು ಸೈಕಲ್ ಪಂಪಿನ ಒಳಗಿನಂತೆ; ಸ್ಪೀಕರು ತಳ್ಳಿದರೆ ಅಲ್ಲಿನ ಗಾಳಿಯೆಲ್ಲ ಒಟ್ಟಿಗೇ ಒತ್ತಿಕೊಳ್ಳುತ್ತದೆ. ಆವೃತ್ತಿ ಅರ್ಧಕ್ಕಿಳಿದರೆ ಒತ್ತಡ 12 ಡೆಸಿಬೆಲ್ ಏರಬೇಕು ಎನ್ನುತ್ತದೆ ಸಿದ್ಧಾಂತ. ಮುಚ್ಚಿದ ಪೆಟ್ಟಿಗೆಯ ಸದ್ದೋ ಆವೃತ್ತಿ ಅರ್ಧಕ್ಕಿಳಿದಾಗ ಅಷ್ಟೇ ಬೀಳುತ್ತದೆ. ಕೋಣೆಯಲ್ಲಿ ಸಪ್ಪೆಯಾಗಿ ಕೇಳುವ ಪೆಟ್ಟಿಗೆ ಕಾರಿನಲ್ಲಿ ತುಂಬಿ ಬರುವುದು ಇದರಿಂದ. ಬಾಗಿಲಿನ ಸಂದು, ತಗಡು, ಗಾಜುಗಳಿಂದ ಒತ್ತಡ ಸೋರುವ ಕಾರಣ ಪೂರ್ತಿ 12 ಸಿಗದು ಎಂಬುದು ಬೇರೆ ಮಾತು.

ಇನ್ನು ಗಾತ್ರ. ಸ್ಪೀಕರಿನ ಜೊತೆ ಬರುವ ಚೀಟಿಯನ್ನು ಎಸೆಯಬೇಡಿ. ಅದರಲ್ಲಿ ಎಫ್.ಎಸ್., ಕ್ಯೂ.ಟಿ.ಎಸ್., ವಿ.ಎ.ಎಸ್. ಎಂಬ ಮೂರು ಅಂಕಿಗಳಿರುತ್ತವೆ. ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ, ಸಿಡ್ನಿ ವಿಶ್ವವಿದ್ಯಾಲಯದಿಂದ ರಿಚರ್ಡ್ ಸ್ಮಾಲ್ 1970ರ ದಶಕದ ಮೊದಲಲ್ಲಿ ಬರೆದ ಲೇಖನಗಳಿಂದ ಬಂದ ಕ್ರಮ ಇದು. ಮೊದಲನೆಯದು ಸ್ಪೀಕರು ಬರಿದಾಗಿ ತೂಗುವ ಆವೃತ್ತಿ. ಎರಡನೆಯದು ತೂಗಾಟಕ್ಕೆ ಎಷ್ಟು ಕಡಿವಾಣವಿದೆ ಎಂಬ ಸಂಖ್ಯೆ. ಮೂರನೆಯದು, ಸ್ಪೀಕರಿನ ಬಿಗಿತಕ್ಕೆ ಸಮನಾದ ಬಿಗಿತ ಎಷ್ಟು ಲೀಟರ್ ಗಾಳಿಗಿದೆ ಎಂಬುದು. ನಮ್ಮ ಹುಡುಗನ ಚೀಟಿಯಲ್ಲಿದ್ದವು 30 ಹರ್ಟ್ಸ್, 0.45, 50 ಲೀಟರ್.

ಪೆಟ್ಟಿಗೆಯೊಳಗೆ ಕೂತ ಮೇಲೆ ಆ ಎರಡನೆಯ ಸಂಖ್ಯೆ 0.707 ಆದರೆ ಸದ್ದು ಎಲ್ಲೂ ಉಬ್ಬದೆ ಸಮನಾಗಿ ಇಳಿಯುತ್ತದೆ. 0.707ನ್ನು 0.45ರಿಂದ ಭಾಗಿಸಿ ವರ್ಗ ಮಾಡಿ, 1 ಕಳೆಯಿರಿ, ಸುಮಾರು 1.47. ಅದರಿಂದ 50ನ್ನು ಭಾಗಿಸಿದರೆ 34 ಲೀಟರ್. ಒಳಗೆ ಸ್ಪೀಕರೇ ತಿನ್ನುವ ಜಾಗ ಇನ್ನೆರಡು, ಒಟ್ಟು 36. ಅಂದರೆ 45, 32, 25 ಸೆಂಟಿಮೀಟರ್. ಸೀಟಿನ ಬೆನ್ನಿಗೆ ಒರಗುವಂತೆ ಓರೆ ಮಾಡಿದರೂ ಅಡ್ಡಿಯಿಲ್ಲ, ಆಳದ ಸರಾಸರಿ ಹಿಡಿದರಾಯಿತು.

ಚೀಟಿ ಹಿಡಿದು ಬಡಗಿಯ ಬಳಿ ಹೋದ. ಅವರು ನೋಡಿ ಕೇಳಿದ್ದು ಒಂದೇ ಮಾತು: “ಇದು ಒಳ ಅಳತೆಯೋ, ಹೊರ ಅಳತೆಯೋ ತಮ್ಮಾ?” ಹುಡುಗ ಅದನ್ನು ಯೋಚಿಸಿಯೇ ಇರಲಿಲ್ಲ. 18 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಇದನ್ನೇ ಹೊರ ಅಳತೆ ಎಂದು ಕೊಯ್ದಿದ್ದರೆ ಒಳಗೆ ಉಳಿಯುತ್ತಿದ್ದದ್ದು 25 ಲೀಟರ್ ಮಾತ್ರ. ಮುಚ್ಚಿದ ಪೆಟ್ಟಿಗೆ ಇಂಥ ತಪ್ಪನ್ನು ಕೊಂಚ ಸಹಿಸಿಕೊಳ್ಳುತ್ತದೆ. ಕೊಳವೆಯದಾದರೆ ಸ್ವರವೇ ಬೇರೆಯಾಗುತ್ತದೆ.

ಆದರೆ ಬಡಗಿಯವರೂ ಒಂದು ಕಡೆ ಎಡವಿದರು. “ವೀಣೆ ಹಂಗೆ ತೆಳುವಾಗಿ ಮಾಡಿಕೊಡ್ತೀನಿ, ಚೆನ್ನಾಗಿ ನುಡೀತದೆ” ಎಂದರು. ವೀಣೆಯ ಕೊಡ ನುಡಿಯಬೇಕು, ನಿಜ; ತಂತಿಗೆ ತನ್ನದೇ ದನಿ ಸಾಲದು. ಈ ಪೆಟ್ಟಿಗೆ ನುಡಿಯಲೇಬಾರದು. ಹಲಗೆ ನಡುಗಿದರೆ ಹಾಡಿನಲ್ಲಿಲ್ಲದ ಸದ್ದು ಸೇರುತ್ತದೆ. ಹುಡುಗ ಇದನ್ನು ಅವರಿಗೆ ವಿವರಿಸಿದ. ದಪ್ಪ ಹಲಗೆಗೆ ಒಳಗೊಂದು ಅಡ್ಡಪಟ್ಟಿಯೂ ಬಿತ್ತು. ಮೂಲೆಗಳಿಗೆ ಅಂಟು, ಸ್ಕ್ರೂ, ಸಂದಿಗೆಲ್ಲ ಸಿಲಿಕೋನ್. ಸೋರುತ್ತದೆಯೇ ಎಂದು ನೋಡಲು ಶಂಕುವನ್ನು ಎರಡೂ ಕೈಯಿಂದ ಮೆಲ್ಲಗೆ ಒಳಗೊತ್ತಿ ಬಿಡಿ. ಥಟ್ಟನೆ ಹಾರಿ ಬಂದರೆ ಸೋರುತ್ತಿದೆ; ನಿಧಾನವಾಗಿ ಮರಳಿದರೆ ಸರಿಯಿದೆ.

ತಂದೆಯರು ಗಮನಿಸಬೇಕಾದ್ದು ಇನ್ನೆರಡಿವೆ. ಸ್ಪೀಕರು ಸೇರಿ ಹದಿನೈದು ಕಿಲೋ ದಾಟುವ ಈ ಪೆಟ್ಟಿಗೆಯನ್ನು ನೆಲಕ್ಕೆ ಬೋಲ್ಟ್ ಹಾಕಿಸಿ. ಜೋರಾಗಿ ಬ್ರೇಕ್ ಒತ್ತಿದಾಗ ಅದು ನಿಮ್ಮ ತಲೆಯ ಕಡೆಗೇ ಬರುತ್ತದೆ. ಬ್ಯಾಟರಿ 12 ವೋಲ್ಟಿನದಾದ್ದರಿಂದ 300 ವಾಟ್ ಎಂದರೆ 25 ಆಂಪಿಯರ್, ಆಂಪ್ಲಿಫೈಯರಿನ ನಷ್ಟ ಸೇರಿದರೆ ಇನ್ನೂ ಹೆಚ್ಚು. ದಪ್ಪ ತಂತಿಯನ್ನೇ ಎಳೆಸಿ. ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ ಇರಬೇಕು, ಡಿಕ್ಕಿಯಲ್ಲಲ್ಲ. ಕಿವಿಯ ಲೆಕ್ಕ ಮಕ್ಕಳೇ ಹಾಕಲಿ. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯ ಪ್ರಕಾರ 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧ. 100ಕ್ಕೆ ಉಳಿಯುವುದು ಹದಿನೈದೇ ನಿಮಿಷ.

ಎರಡು ವಾರ ಕಳೆದು ಕಾರು ನಮ್ಮ ಗೇಟಿನ ಮುಂದೆ ನಿಂತಿತು. ಅದೇ ಸ್ಪೀಕರು, ಅದೇ ಹಳೆಯ ಆಂಪ್ಲಿಫೈಯರು. ಡೊಳ್ಳಿನ ಪೆಟ್ಟು ಪೆಟ್ಟಾಗಿಯೇ ಕೇಳಿಸಿತು, ಗುಂಯ್ ಇರಲಿಲ್ಲ. ತಂದೆ ಏನೂ ಹೇಳಲಿಲ್ಲ. ಇನ್ನೊಂದು ಸಲ ಹಾಕು ಎಂದರು. ನಂಬರ್ ಪ್ಲೇಟಿನ ಹಿಂದೆ ಸ್ಪಂಜಿನ ಪಟ್ಟಿ ಅಂಟಿಸಿಯಾಗಿತ್ತು. ಹಳೆಯ ಪೆಟ್ಟಿಗೆಯಲ್ಲಿ ಈಗ ಹುಡುಗನ ತಾಯಿ ಈರುಳ್ಳಿ ಇಡುತ್ತಾರಂತೆ. ಗಾಳಿಯಾಡಲು ಕೊಳವೆಯ ತೂತು ಇದ್ದೇ ಇದೆ.