ಹಳೆಯ ವೇಷ, ಹೊಸ ಸಾಲ

ಮೈಸೂರು ಸೀಮೆಯ ಗೃಹಸ್ಥರ ಮನೆಗಳಲ್ಲಿ ಈಚೆಗೆ ಒಂದು ವಿವಾದವು ಪದೇ ಪದೇ ಏಳುತ್ತಿರುವುದು. ಮಗನಿಗೆ ಉದ್ಯೋಗವು ದೊರೆತಿದೆ. ಓಡಾಟಕ್ಕೆ ಮೋಟಾರು ಸೈಕಲ್ಲು ಬೇಕು. ನೂರು ಸಿ.ಸಿ.ಯ ಸಾಧಾರಣವಾದ ಗಾಡಿಯೊಂದು ಸಾಕೆಂಬುದು ತಂದೆಯ ಅಭಿಮತ. ಮಗನ ಮನಸ್ಸಾದರೋ ದುಂಡನೆಯ ದೀಪ, ಬೆಳ್ಳಿಯಂತೆ ಥಳಥಳಿಸುವ ಟ್ಯಾಂಕು, ಎರಡು ಪಕ್ಕಗಳಲ್ಲಿಯೂ ನೀಳವಾಗಿ ಚಾಚಿದ ಹೊಗೆಕೊಳವೆಗಳು—ಇವುಗಳಿಂದ ಅಜ್ಜನ ಕಾಲದ್ದೆಂಬಂತೆ ತೋರುವ ಹೊಸ ಜಾವಾದ ಮೇಲೆ ನಟ್ಟುಹೋಗಿದೆ. ಬೆಲೆಯ ಮಾತೆತ್ತಿದರೆ ಅವನಲ್ಲಿ ಸಿದ್ಧವಾದ ಉತ್ತರವುಂಟು: "ಇದು ನಮ್ಮೂರಿನ ಗಾಡಿ, ಅಪ್ಪಾ, ನಮ್ಮ ಪರಂಪರೆ." ಪರಂಪರೆಯೆಂಬ ಶಬ್ದವು ಕಿವಿಗೆ ಬಿದ್ದೊಡನೆಯೇ ತಂದೆಯು ಮೌನವನ್ನು ತಾಳುವನು.

ಈ ಮೌನವು ಯುಕ್ತವಲ್ಲ. ಗಾಡಿಯನ್ನು ಕೊಳ್ಳುವುದೂ ಬಿಡುವುದೂ ಅವರವರ ಇಚ್ಛೆ. ಆದರೆ ಒಂದು ವ್ಯಾಪಾರಕ್ಕೆ ಪರಂಪರೆಯನ್ನು ಸಾಕ್ಷಿಗೆ ಕರೆದ ಮೇಲೆ, ಆ ಸಾಕ್ಷಿಯನ್ನು ವಿಚಾರಿಸದೆ ಬಿಡುವುದು ನ್ಯಾಯವಾಗಲಾರದು.

ಮೊದಲು ಚರಿತ್ರೆಯನ್ನು ನೋಡುವ. ಚೆಕೊಸ್ಲೊವಾಕಿಯಾದಲ್ಲಿ 1929ರಲ್ಲಿ ಯಾನೆಚೆಕ್ ಎಂಬ ಉದ್ಯಮಿಯು ವಾಂಡರರ್ ಎಂಬ ಜರ್ಮನ್ ಕಂಪೆನಿಯಿಂದ ಮೋಟಾರು ಸೈಕಲ್ಲಿನ ಮಾದರಿಯನ್ನು ಪಡೆದು, ಎರಡು ಹೆಸರುಗಳ ಮೊದಲ ಅಕ್ಷರಗಳನ್ನೂ ಜೋಡಿಸಿ ಜಾವಾ ಎಂದು ಕರೆದನು. ಅದೇ ಗಾಡಿಯನ್ನು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಂಪೆನಿಯು 1961ರಿಂದ ತಯಾರಿಸತೊಡಗಿತು. ಕಾರ್ಖಾನೆಯನ್ನು ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರವರು. ಎಪ್ಪತ್ತರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿಯೆಂದಾಯಿತು. ಊರಿನ ಎಷ್ಟೋ ಮನೆಗಳಲ್ಲಿ ಅನ್ನ ಬೇಯುತ್ತಿದ್ದುದು ಆ ಕಾರ್ಖಾನೆಯ ಸಂಬಳದಿಂದ. 1996ರಲ್ಲಿ ಅದು ಮುಚ್ಚಿತು.

ಏತಕ್ಕೆ ಮುಚ್ಚಿತು? ಕಾರ್ಮಿಕರ ತಕರಾರುಗಳು ಇದ್ದುವು. ಹೊಗೆಯ ಮೇಲಣ ಕಟ್ಟುಪಾಡುಗಳು ಬಂದುವು. ಇವುಗಳ ಜೊತೆಗೆ ಇನ್ನೊಂದು ಕಾರಣವೂ ಉಂಟು. ಅದನ್ನು ಹೇಳಿಕೊಳ್ಳಲು ನಮ್ಮವರಿಗೆ ಸಂಕೋಚ. 1984, 1985ರ ಸುಮಾರಿಗೆ ಜಪಾನೀಯರ ಸಹಯೋಗದ ನೂರು ಸಿ.ಸಿ.ಯ ಗಾಡಿಗಳು ಪೇಟೆಗೆ ಬಂದುವು. ಅವು ಹಗುರವಾಗಿದ್ದುವು, ಕಡಿಮೆ ಪೆಟ್ರೋಲು ಕುಡಿಯುತ್ತಿದ್ದುವು, ಅವುಗಳಲ್ಲಿ ಹೀರೋ ಹೋಂಡಾದಂಥದಕ್ಕೆ ಪೆಟ್ರೋಲಿನೊಡನೆ ಎಣ್ಣೆಯನ್ನು ಬೆರೆಸುವ ತೊಂದರೆಯೂ ಇರಲಿಲ್ಲ. ಗೃಹಸ್ಥರು ಲೆಕ್ಕ ಹಾಕಿದರು. ಯೆಜ್ಡಿಯನ್ನು ಬಿಟ್ಟು ಅವುಗಳನ್ನು ಕೊಂಡರು. ಅವರು ಮಾಡಿದುದು ತಪ್ಪಲ್ಲ. ಸಂಬಳ ಸಣ್ಣದು, ಸಂಸಾರ ದೊಡ್ಡದು. ಆದರೆ ಲೆಕ್ಕವನ್ನು ನೋಡಿ ಬಿಟ್ಟುಕೊಟ್ಟ ವಸ್ತುವಿಗೆ, ಲೆಕ್ಕವನ್ನೇ ಮರೆಯಿರೆಂದು ಹೇಳುವ ಅಧಿಕಾರವು ಈಗ ಎಲ್ಲಿಂದ ಬಂದಿತು?

2018ರ ನವೆಂಬರಿನಲ್ಲಿ ಮಹೀಂದ್ರಾ ಸಂಸ್ಥೆಗೆ ಸೇರಿದ ಕ್ಲಾಸಿಕ್ ಲೆಜೆಂಡ್ಸ್ ಕಂಪೆನಿಯು ಜಾವಾ ಹೆಸರನ್ನು ಮರಳಿ ತಂದಿತು. ಆಗ ದೆಹಲಿಯ ಅಂಗಡಿಯಲ್ಲಿ ಅದರ ಬೆಲೆ 1,64,000 ರೂಪಾಯಿ; ಆ ಕಾಲದಲ್ಲಿ ನೂರು ಸಿ.ಸಿ.ಯ ಗಾಡಿಯೊಂದು ಇದರ ಮೂರನೆಯ ಒಂದು ಪಾಲಿನಷ್ಟಕ್ಕೆ ದೊರೆಯುತ್ತಿತ್ತು. 2024ರಲ್ಲಿ ಜಾವಾ 350 ಎಂಬ ಹೆಸರಿನಿಂದ 334 ಸಿ.ಸಿ.ಯ ಯಂತ್ರದೊಡನೆ ಬಂದಾಗ ಬೆಲೆಯು ಎರಡು ಲಕ್ಷವನ್ನು ದಾಟಿತು. ಇಷ್ಟಾಗಿ ಇದು ತಯಾರಾಗುವುದು ಮೈಸೂರಿನಲ್ಲಲ್ಲ; ಮಧ್ಯಪ್ರದೇಶದ ಪೀತಂಪುರದಲ್ಲಿ. "ನಮ್ಮೂರಿನ ಗಾಡಿ" ಎಂಬ ಪ್ರತಿಜ್ಞೆಯು ಇಲ್ಲಿಗೇ ಮುರಿದು ಬೀಳುವುದು.

ಪೂರ್ವಪಕ್ಷಿಯು ಇಲ್ಲಿ ಬೇರೊಂದು ವಾದವನ್ನು ಹೂಡಬಹುದು. ಊರಿನ ಮಾತು ಹೋಗಲಿ. ಮನುಷ್ಯನು ಉಪಯೋಗವೊಂದನ್ನೇ ನೋಡಿ ಬದುಕುವವನೆ? ನೀರು ಕುಡಿಯಲು ಪ್ಲಾಸ್ಟಿಕ್ಕಿನ ಲೋಟವೂ ಸಾಕು. ಆದರೂ ಮನೆಯಲ್ಲಿ ಬೆಳ್ಳಿಯ ಪಂಚಪಾತ್ರೆಯನ್ನು ಇಟ್ಟುಕೊಳ್ಳುವುದಿಲ್ಲವೆ? ಮದುವೆಗೆ ಹತ್ತಿಯ ಸೀರೆ ಸಾಲದೆ ರೇಷ್ಮೆಯನ್ನು ತರುವುದಿಲ್ಲವೆ? ಅಂದವೂ ಒಂದು ಪ್ರಯೋಜನವೇ ಅಲ್ಲವೆ?

ಈ ವಾದದಲ್ಲಿ ಸತ್ಯಾಂಶವುಂಟು, ಅದನ್ನು ಅಲ್ಲಗಳೆಯಬೇಕಾದುದಿಲ್ಲ. ಹೊಸ ಜಾವಾ ನೋಡಲು ಸೊಗಸಾದ ಗಾಡಿ. ಯಂತ್ರವಾಗಿಯೂ ಹಳೆಯದಕ್ಕಿಂತ ಮೇಲು: ಕಾರ್ಬ್ಯುರೇಟರಿಲ್ಲ, ನೀಲಿ ಹೊಗೆಯಿಲ್ಲ, ಆರು ಗೇರುಗಳು, ಹಠಾತ್ತಾಗಿ ತಡೆದಾಗ ಚಕ್ರವು ಜಾರದಂತೆ ಕಾಯುವ ಬ್ರೇಕು. ಆಕ್ಷೇಪವಿರುವುದು ಗಾಡಿಯ ಮೇಲಲ್ಲ, ಅದಕ್ಕೆ ಹೇಳುವ ಹೇತುವಿನ ಮೇಲೆ.

ಹಳೆಯ ಜಾವಾದಲ್ಲಿ ರೂಪವು ಕೆಲಸದಿಂದ ಹುಟ್ಟಿದುದು. ಯಂತ್ರವನ್ನು ತಣಿಸುತ್ತಿದ್ದುದು ಗಾಳಿಯಾದುದರಿಂದ ಸಿಲಿಂಡರಿನ ಸುತ್ತಲೂ ಲೋಹದ ಪದರಗಳಿದ್ದುವು. ಒದ್ದು ಚಾಲನೆ ಮಾಡುವ ಸನ್ನೆಯೇ ಮುಂದಕ್ಕೆ ಹೊರಳಿ ಗೇರಿನ ಸನ್ನೆಯಾಗುತ್ತಿತ್ತು. ಒಂದೇ ಅಂಗವು ಎರಡು ಕೆಲಸಗಳನ್ನು ಮಾಡುತ್ತಿದ್ದ ಆ ಜಾಣ್ಮೆಯನ್ನು ಕಂಡು ಹಳೆಯ ಮೆಕ್ಯಾನಿಕ್ಕರು ಇಂದಿಗೂ ಹೆಮ್ಮೆಪಡುವರು. ಹೊಸದರಲ್ಲಿ ಯಂತ್ರವನ್ನು ತಣಿಸುವುದು ದ್ರವ. ಅದರ ರೇಡಿಯೇಟರು ಕಣ್ಣಿಗೆ ಹೊಡೆಯದಂತೆ ಚೌಕಟ್ಟಿನ ಮುಂಭಾಗದಲ್ಲಿ ಅಡಗಿ ಕುಳಿತಿರುವುದು. ಪದರಗಳು ಮಾತ್ರ ತೋರಿಕೆಗೆಂದು ಉಳಿದಿರುವುವು. ಸಿಲಿಂಡರು ಒಂದೇ ಆದರೂ ಕೊಳವೆಗಳು ಎರಡು, ಹಳೆಯದಕ್ಕೆ ಎರಡಿದ್ದುವಲ್ಲ! ಆ ಒದೆಯುವ ಸನ್ನೆಯೋ ಇಲ್ಲವೇ ಇಲ್ಲ. ಅರ್ಥವು ಹೊರಟುಹೋದ ಮೇಲೆಯೂ ಶಬ್ದವನ್ನು ಇಟ್ಟುಕೊಂಡಂತಾಯಿತು. ವೇಷವನ್ನು ವೇಷವೆಂದು ತಿಳಿದು ನೋಡುವವನು ರಸಿಕ. ಬಯಲಾಟ ಮುಗಿದ ಮೇಲೆಯೂ ಕಿರೀಟವಿಟ್ಟವನನ್ನು ಅರಸನೆಂದು ನಂಬಿ ಕಪ್ಪವನ್ನು ಒಪ್ಪಿಸುವವನಿಗೆ ಬೇರೆ ಹೆಸರುಂಟು.

ಕಪ್ಪದ ಮಾತು ಬಂದುದರಿಂದ ಅದರ ಲೆಕ್ಕವನ್ನೂ ಹೇಳಬೇಕು. ದಿನಕ್ಕೆ 30 ಕಿಲೋಮೀಟರಿನಂತೆ ತಿಂಗಳಿಗೆ 25 ದಿನ ಓಡಾಡುವವನಿಗೆ 750 ಕಿಲೋಮೀಟರಾಗುವುದು. ಲೀಟರಿಗೆ ಸುಮಾರು 60 ಕೊಡುವ ಸಣ್ಣ ಗಾಡಿಗೆ ಹನ್ನೆರಡೂವರೆ ಲೀಟರು ಸಾಕು. ಸುಮಾರು 30 ಕೊಡುವ ದೊಡ್ಡದಕ್ಕೆ 25 ಬೇಕು. ವರ್ಷಕ್ಕೆ 150 ಲೀಟರು ಹೆಚ್ಚು. ಇದರ ಮೇಲೆ ಗಾಡಿಯನ್ನು ಕೊಳ್ಳಲು ತಂದ ಸಾಲದ ಕಂತು, ಅದರ ಬಡ್ಡಿ. ತಂಗಿಯ ಕಾಲೇಜಿನ ಫೀಸು, ತಾಯಿಯ ಔಷಧಿ, ಸೋರುವ ಮಾಡು—ಇವುಗಳಿಗೆ ಸಲ್ಲಬೇಕಾದ ಹಣವೇ ತಿಂಗಳು ತಿಂಗಳೂ ಆ ಕಡೆಗೆ ಹರಿಯುವುದು. ಇಷ್ಟನ್ನು ತಿಳಿಯಾಗಿ ಒಪ್ಪಿಕೊಂಡು ಮಗನು "ನನಗೆ ಆಸೆ" ಎಂದರೆ ತಂದೆಯು ಕ್ಷಮಿಸಬಹುದು. ಆಸೆಗೆ ವಯಸ್ಸಿನ ಬೆಂಬಲವಿರುವುದು. ಆಸೆಯನ್ನು ಧರ್ಮವೆಂದು ಕರೆದಾಗಲೇ ಕೇಡು.

ಪರಂಪರೆಯನ್ನು ಉಳಿಸುವ ರೀತಿ ಬೇರೆ. ಮದರಾಸಿನ ಬಳಿಯ ತಿರುವೊಟ್ಟಿಯೂರಿನಲ್ಲಿ ರಾಯಲ್ ಎನ್‌ಫೀಲ್ಡಿನ ಬುಲೆಟ್ಟು ಐವತ್ತರ ದಶಕದಿಂದ ತಯಾರಾಗುತ್ತ ಬಂದಿತು. 2000ದ ಸುಮಾರಿಗೆ ಅದನ್ನೂ ಮುಚ್ಚಿಬಿಡುವ ಮಾತು ಹುಟ್ಟಿತ್ತು. ಅದು ಬದುಕಿಕೊಂಡುದು, ಎಣ್ಣೆ ಸೋರಿದರೂ ಬೈದುಕೊಂಡು ಅದನ್ನೇ ಕೊಳ್ಳುತ್ತಿದ್ದ ಕಷ್ಟಕಾಲದ ಕೆಲವರಿಂದಲೂ ಹೌದು. ಮೈಸೂರಿನಲ್ಲಿಯೂ ಅಂಥವರಿಲ್ಲದಿಲ್ಲ. ಪ್ರತಿವರ್ಷವೂ ಜುಲೈ ತಿಂಗಳಿನಲ್ಲಿ ಹಳೆಯ ಜಾವಾ, ಯೆಜ್ಡಿಗಳ ಒಡೆಯರು ಸೇರಿ ಬೀದಿಯಲ್ಲಿ ಹೊರಡುವರು. ಆ ಗಾಡಿಗಳು ಗುಜರಿಯಲ್ಲಿ ಹುಡುಕಿ ತಂದ ಭಾಗಗಳಿಂದಲೂ, ತಲೆ ನರೆತ ಮೆಕ್ಯಾನಿಕ್ಕರ ಕೈಗುಣದಿಂದಲೂ ಜೀವ ಹಿಡಿದಿರುವುವು. ಅಲ್ಲಿ ಏಳುವ ಹೊಗೆಯನ್ನು ಯಾರೂ ಹೊಗಳಬೇಕಾಗಿಲ್ಲ. ಆದರೆ ಅವರಿಗೆ ಪರಂಪರೆಯೆನ್ನುವ ಹಕ್ಕುಂಟು. ಅವರು ಅದನ್ನು ಕೊಂಡವರಲ್ಲ, ಕಾಪಾಡಿದವರು.

ಆದುದರಿಂದ ತಂದೆಯು ಸುಮ್ಮನಿರದೆ ಒಂದು ಪ್ರಶ್ನೆಯನ್ನು ಕೇಳಲಿ: "ಟ್ಯಾಂಕಿನ ಮೇಲಣ ಆ ಹೆಸರನ್ನು ಅಳಿಸಿದರೆ, ಮಗೂ, ಅದೇ ಬೆಲೆಗೆ ಕೊಳ್ಳುವೆಯಾ?" ಕೊಳ್ಳುವೆನೆಂದು ಅವನು ಹೇಳಿದರೆ ಅದು ಅಂದದ ಮೇಲಣ ಪ್ರೀತಿ, ಕೈಯಲ್ಲಿ ಹಣ ಕೂಡಿದ ದಿನ ಸಂತೋಷವಾಗಿ ಕೊಳ್ಳಲಿ. ತಡವರಿಸಿದನಾದರೆ, ಅವನು ಸಾಲ ಮಾಡಹೊರಟಿರುವುದು ಹೆಸರಿಗಾಗಿ. ಮನೆಯ ಹಿತ್ತಲಿನಲ್ಲಿ ಅಜ್ಜನ ಗಾಡಿಯು ತಗಡಿನಡಿಯಲ್ಲಿ ತುಕ್ಕು ಹಿಡಿಯುತ್ತಿದ್ದರೆ, ಆ ಹೆಸರು ಅಲ್ಲಿ ಬಿಟ್ಟಿಯಾಗಿಯೇ ಇರುವುದು. ಸಣ್ಣ ಗಾಡಿಯಲ್ಲಿ ಕೆಲಸಕ್ಕೆ ಹೋಗಿಬಂದು, ಭಾನುವಾರ ಅದರ ಮುಂದೆ ಸ್ಪಾನರು ಹಿಡಿದು ಕುಳಿತುಕೊಳ್ಳಲಿ.